ಮುಷ್ಟಿ ಬಿಡಿಸುವುದಕ್ಕೂ ಶಕ್ತಿ ಬೇಕು: ನಿಮ್ಮೊಳಗಿನ ಕ್ಯಾಲ್ಸಿಯಂ ಪಂಪ್ ಕೆಲಸ ಮಾಡುವುದು ಹೀಗೆ

ಬೆಳಗಿನ ಲೋಕಲ್ ರೈಲು. ಮೇಲಿನ ಹಿಡಿಕೆಯನ್ನು ಬಿಗಿಯಾಗಿ ಹಿಡಿದು ನಿಂತಿದ್ದೀರಿ. ದಾದರ್ ಬಂತು, ಹಿಡಿಕೆ ಬಿಟ್ಟು ಇಳಿದಿರಿ. ಇವೆರಡರಲ್ಲಿ ಶಕ್ತಿ ಖರ್ಚಾಗಿದ್ದು ಯಾವುದಕ್ಕೆ ಎಂದು ಕೇಳಿದರೆ ಯಾರಾದರೂ 'ಹಿಡಿದುಕೊಳ್ಳುವುದಕ್ಕೆ' ಎಂದೇ ಹೇಳುತ್ತಾರೆ. ಕೈ ಬಿಡುವುದಕ್ಕೆ ಶಕ್ತಿ ಯಾಕೆ ಬೇಕು?

ಬೇಕು. ಸ್ನಾಯು ಬಿಗಿಯಾಗುವುದಕ್ಕೆ ಮಾತ್ರವಲ್ಲ, ಸಡಿಲವಾಗುವುದಕ್ಕೂ ದೇಹ ಶಕ್ತಿ ಖರ್ಚು ಮಾಡುತ್ತದೆ. ಇದಕ್ಕೆ ಒಂದು ಸಾಕ್ಷಿ ನಮಗೆಲ್ಲ ಗೊತ್ತಿರುವುದೇ. ಮನುಷ್ಯ ಸತ್ತ ಕೆಲವು ಗಂಟೆಗಳಲ್ಲಿ ದೇಹ ಸೆಟೆದುಕೊಳ್ಳುತ್ತದೆ. ಜೀವಕೋಶಗಳಲ್ಲಿ ಶಕ್ತಿ ಉತ್ಪಾದನೆ ನಿಂತುಹೋದ ಮೇಲೆ ಸ್ನಾಯುಗಳಿಗೆ ಸಡಿಲಗೊಳ್ಳುವ ದಾರಿಯೇ ಇಲ್ಲದಂತಾಗುತ್ತದೆ.

ಈ ಸಡಿಲಿಸುವ ಕೆಲಸದ ಹಿಂದೆ ಇರುವುದು ಒಂದು ಪ್ರೊಟೀನ್. ಹೆಸರು ಕ್ಯಾಲ್ಸಿಯಂ ಪಂಪ್. ನಿಮ್ಮ ಹೃದಯ ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುತ್ತದೆ. ಪ್ರತಿ ಬಡಿತದ ನಂತರ ಅದು ಮತ್ತೆ ಸಡಿಲಗೊಂಡು ರಕ್ತ ತುಂಬಿಕೊಳ್ಳಬೇಕಾದರೆ ಈ ಪಂಪ್ ಕೆಲಸ ಮಾಡಲೇಬೇಕು. ಇದು ಕೈಕೊಟ್ಟರೆ ಹೃದಯ, ಸ್ನಾಯು, ಚರ್ಮ ಎಲ್ಲಕ್ಕೂ ತೊಂದರೆ. ಕಣ್ಣಿಗೆ ಕಾಣದ ಈ ಯಂತ್ರದ ಆಕಾರ ಹೇಗಿದೆ, ಆ ಆಕಾರದಿಂದಲೇ ಅದರ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಇಲ್ಲಿ ನೋಡೋಣ.

ಕ್ಯಾಲ್ಸಿಯಂ ಇರುವುದು ಮೂಳೆಗೆ ಮಾತ್ರವಲ್ಲ

ಕ್ಯಾಲ್ಸಿಯಂ ಎಂದ ಕೂಡಲೇ ನೆನಪಾಗುವುದು ಹಾಲು, ರಾಗಿ, ಮೂಳೆ. ಅದು ತಪ್ಪೇನಲ್ಲ. ದೇಹದ ಕ್ಯಾಲ್ಸಿಯಂನಲ್ಲಿ ಸುಮಾರು ಶೇ 99ರಷ್ಟು ಇರುವುದು ಮೂಳೆ ಮತ್ತು ಹಲ್ಲುಗಳಲ್ಲೇ. ಆದರೆ ಉಳಿದ ಶೇ 1ರಷ್ಟು ಕ್ಯಾಲ್ಸಿಯಂ ಮಾಡುವ ಕೆಲಸ ಬೇರೆಯೇ. ಅದು ಜೀವಕೋಶಗಳ ಸಂದೇಶವಾಹಕ. ಸ್ನಾಯು ಬಿಗಿಯಾಗಲು, ನರದ ತುದಿಯಿಂದ ರಾಸಾಯನಿಕ ಬಿಡುಗಡೆಯಾಗಲು, ಗ್ರಂಥಿಗಳು ಸ್ರವಿಸಲು ಕ್ಯಾಲ್ಸಿಯಂನ ಸೂಚನೆ ಬೇಕು.

ಸೂಚನೆ ಕೆಲಸ ಮಾಡಬೇಕಾದರೆ ಮೊದಲು ನಿಶ್ಶಬ್ದ ಇರಬೇಕು. ಸದಾ ಬಾರಿಸುತ್ತಲೇ ಇರುವ ಕರೆಗಂಟೆಯಿಂದ ಯಾರು ಬಂದರೆಂದು ತಿಳಿಯುವುದಿಲ್ಲ. ಹಾಗಾಗಿ ವಿಶ್ರಾಂತಿಯಲ್ಲಿರುವ ಜೀವಕೋಶ ತನ್ನೊಳಗಿನ ಕ್ಯಾಲ್ಸಿಯಂ ಮಟ್ಟವನ್ನು ಅತ್ಯಂತ ಕಡಿಮೆ ಇಟ್ಟುಕೊಳ್ಳುತ್ತದೆ. ಎಷ್ಟು ಕಡಿಮೆ? ಹೊರಗಿನ ದ್ರವದಲ್ಲಿ ಇರುವುದಕ್ಕಿಂತ ಸುಮಾರು 10,000 ಪಟ್ಟು ಕಡಿಮೆ.

ಇದಕ್ಕೆ ಇನ್ನೊಂದು ಕಾರಣವೂ ಇದೆ. ಜೀವಕೋಶದ ಶಕ್ತಿಯ ವ್ಯವಹಾರವೆಲ್ಲ ನಡೆಯುವುದು ಫಾಸ್ಫೇಟ್ ಮೂಲಕ. ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಹೆಚ್ಚು ಪ್ರಮಾಣದಲ್ಲಿ ಒಟ್ಟಿಗೆ ಇದ್ದರೆ ಗಟ್ಟಿಯಾದ ಲವಣವಾಗಿ ಕೂರುತ್ತವೆ. ಮೂಳೆಯಲ್ಲಿ ಅದು ಬೇಕು, ಜೀವಕೋಶದ ಒಳಗೆ ಬೇಡ.

ಆದರೆ ಹೊರಗೆ 10,000 ಪಟ್ಟು ಹೆಚ್ಚು ಇದ್ದರೆ ಕ್ಯಾಲ್ಸಿಯಂ ಒಳಗೆ ನುಗ್ಗಲು ಕಾಯುತ್ತಲೇ ಇರುತ್ತದೆ. ಬಾಗಿಲು ಸ್ವಲ್ಪ ತೆರೆದರೂ ಸಾಕು, ಕ್ಷಣದಲ್ಲಿ ತುಂಬಿಕೊಳ್ಳುತ್ತದೆ. ಒಳಗೆ ಬಂದದ್ದನ್ನು ಎತ್ತಿ ಹೊರಗೆ ಹಾಕಬೇಕಾದರೆ ಇಳಿಜಾರಿನ ವಿರುದ್ಧ, ಶಕ್ತಿ ಖರ್ಚು ಮಾಡಿ ಸಾಗಿಸಬೇಕು. ಅದಕ್ಕೇ ಪಂಪ್.

ಪಂಪ್ ಎಲ್ಲಿದೆ?

ಸ್ನಾಯುವಿನ ಜೀವಕೋಶದೊಳಗೆ ಬಲೆಯಂತೆ ಹರಡಿಕೊಂಡ ಚೀಲಗಳ ಒಂದು ಜಾಲ ಇದೆ. ಇದನ್ನು ಸಾರ್ಕೊಪ್ಲಾಸ್ಮಿಕ್ ರೆಟಿಕ್ಯುಲಂ ಎನ್ನುತ್ತಾರೆ. ಸುಲಭವಾಗಿ ಹೇಳುವುದಾದರೆ ಇದು ಕ್ಯಾಲ್ಸಿಯಂ ಟ್ಯಾಂಕ್. ಮಿದುಳಿನಿಂದ ಆದೇಶ ಬಂದಾಗ ಈ ಟ್ಯಾಂಕ್‌ನ ಬಾಗಿಲು ತೆರೆದು ಕ್ಯಾಲ್ಸಿಯಂ ಹೊರಗೆ ಚೆಲ್ಲುತ್ತದೆ, ಸ್ನಾಯು ಬಿಗಿಯಾಗುತ್ತದೆ. ಟ್ಯಾಂಕ್‌ನ ಪೊರೆಯ ತುಂಬಾ ಒತ್ತೊತ್ತಾಗಿ ಕುಳಿತಿರುವ ಪಂಪ್‌ಗಳು ಆ ಕ್ಯಾಲ್ಸಿಯಂ ಅನ್ನು ವಾಪಸ್ ಟ್ಯಾಂಕ್‌ಗೆ ತುಂಬಿದಾಗ ಸ್ನಾಯು ಸಡಿಲವಾಗುತ್ತದೆ.

ಈ ಪಂಪ್‌ಗೆ ವಿಜ್ಞಾನಿಗಳು ಇಟ್ಟಿರುವ ಚುಟುಕು ಹೆಸರು ಸೆರ್ಕಾ. ಟ್ಯಾಂಕ್‌ನ ಪೊರೆಯಲ್ಲಿರುವ ಪ್ರೊಟೀನ್‌ಗಳಲ್ಲಿ ಬಹುಪಾಲು ಇದೇ. ಕೆಲಸ ಮಾಡುತ್ತಿರುವ ಸ್ನಾಯು ಬಳಸುವ ಶಕ್ತಿಯಲ್ಲಿ ಸರಿಸುಮಾರು ಮೂರನೇ ಒಂದು ಭಾಗ ಈ ಪಂಪ್‌ಗಳಿಗೇ ಹೋಗುತ್ತದೆ ಎಂಬ ಅಂದಾಜಿದೆ.

ಒಂದು ಪಂಪ್ ಸೆಕೆಂಡಿಗೆ ಹತ್ತಾರು ಸಲ ಮಾತ್ರ ತಿರುಗುತ್ತದೆ. ಅದೇ ಬಾಗಿಲಿನಂಥ ಪ್ರೊಟೀನ್, ಅಂದರೆ ಚಾನೆಲ್, ಸೆಕೆಂಡಿಗೆ ಲಕ್ಷಗಟ್ಟಲೆ ಅಯಾನುಗಳನ್ನು ಬಿಡಬಲ್ಲದು. ನೀರನ್ನು ಕೆಳಗೆ ಹರಿಯಬಿಡುವುದು ಸುಲಭ, ಮೇಲಕ್ಕೆ ಎತ್ತುವುದು ನಿಧಾನ. ಪಂಪ್‌ಗಳ ಸಂಖ್ಯೆ ಅಷ್ಟೊಂದು ಇರುವುದು ಇದೇ ಕಾರಣಕ್ಕೆ.

ಚಿತ್ರ ಸಿಗಲು 40 ವರ್ಷ ಬೇಕಾಯಿತು

1960ರ ದಶಕದ ಆರಂಭದಲ್ಲಿ ಜಪಾನಿನ ಸೆತ್ಸುರೊ ಎಬಾಶಿ ಹಾಗೂ ಜರ್ಮನಿಯ ವಿಲ್ಹೆಲ್ಮ್ ಹಾಸೆಲ್‌ಬಾಕ್ ತಂಡಗಳು, ಸ್ನಾಯುವಿನಿಂದ ತೆಗೆದ ಪುಟ್ಟ ಚೀಲಗಳು ಎಟಿಪಿ ಬಳಸಿ ಕ್ಯಾಲ್ಸಿಯಂ ಹೀರಿಕೊಳ್ಳುತ್ತವೆ ಎಂದು ತೋರಿಸಿದವು. ಎಟಿಪಿ ಎಂದರೆ ಜೀವಕೋಶದ ಚಿಲ್ಲರೆ ಹಣ. ಪ್ರತಿ ಸಣ್ಣ ಕೆಲಸಕ್ಕೂ ಅದರಿಂದಲೇ ಪಾವತಿ.

ಅದಕ್ಕೂ ಕೆಲವೇ ವರ್ಷ ಮೊದಲು, 1957ರಲ್ಲಿ, ಡೆನ್ಮಾರ್ಕ್‌ನ ಜೆನ್ಸ್ ಸ್ಕೌ ಸೋಡಿಯಂ-ಪೊಟ್ಯಾಸಿಯಂ ಪಂಪ್ ಬಗ್ಗೆ ವರದಿ ಮಾಡಿದ್ದರು. ಅದು ಕ್ಯಾಲ್ಸಿಯಂ ಪಂಪ್‌ನ ಸೋದರ. ಸ್ಕೌ ಅವರಿಗೆ 1997ರಲ್ಲಿ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. 1985ರಲ್ಲಿ ಕೆನಡಾದ ಡೇವಿಡ್ ಮೆಕ್ಲೆನನ್ ತಂಡ ಸೆರ್ಕಾದ ಅಮೈನೋ ಆಮ್ಲಗಳ ಸರಣಿಯನ್ನು ಬಿಚ್ಚಿಟ್ಟಿತು.

ಆದರೂ ಪಂಪ್ ಹೇಗೆ ಕಾಣುತ್ತದೆ ಎಂಬುದು ಯಾರಿಗೂ ತಿಳಿದಿರಲಿಲ್ಲ. ಪೊರೆಯಲ್ಲಿ ಹುದುಗಿರುವ ಪ್ರೊಟೀನ್‌ಗಳನ್ನು ಹೊರತೆಗೆದು ಹರಳುಗಟ್ಟಿಸುವುದು ಬಹಳ ಕಷ್ಟ. ಕೊನೆಗೆ 2000ನೇ ಇಸವಿಯಲ್ಲಿ ಟೋಕಿಯೊ ವಿಶ್ವವಿದ್ಯಾಲಯದ ಚಿಕಾಶಿ ತೊಯೊಶಿಮಾ ತಂಡ ಮೊಲದ ಸ್ನಾಯುವಿನ ಪಂಪ್ ಅನ್ನು ಹರಳುಗಟ್ಟಿಸಿ, ಎಕ್ಸ್-ರೇ ಬಳಸಿ 2.6 ಆಂಗ್‌ಸ್ಟ್ರಮ್ ಸ್ಪಷ್ಟತೆಯ ರಚನೆ ಪ್ರಕಟಿಸಿತು. ಒಂದು ಆಂಗ್‌ಸ್ಟ್ರಮ್ ಎಂದರೆ ಒಂದು ಮಿಲಿಮೀಟರಿನ ಕೋಟಿಯಲ್ಲಿ ಒಂದು ಭಾಗ. 2002ರಲ್ಲಿ ಅದೇ ತಂಡ ಕ್ಯಾಲ್ಸಿಯಂ ಇಲ್ಲದ ಸ್ಥಿತಿಯ ರಚನೆಯನ್ನೂ ಕೊಟ್ಟಿತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಪಂಪ್‌ನ ಭಾಗಗಳು ಎಷ್ಟು ದೊಡ್ಡದಾಗಿ ಸರಿದಾಡುತ್ತವೆ ಎಂಬುದು ಮೊದಲ ಬಾರಿಗೆ ಕಣ್ಣಿಗೆ ಬಿತ್ತು. ಬಳಿಕ ಡೆನ್ಮಾರ್ಕ್‌ನ ಪೌಲ್ ನಿಸ್ಸೆನ್ ತಂಡವೂ ಹಲವು ನಡುವಿನ ಸ್ಥಿತಿಗಳನ್ನು ಸೆರೆಹಿಡಿಯಿತು. ತೊಯೊಶಿಮಾ ಮತ್ತು ನಿಸ್ಸೆನ್ ಇಬ್ಬರಿಗೂ 2016ರಲ್ಲಿ ಸ್ವೀಡನ್‌ನ ವಿಜ್ಞಾನ ಅಕಾಡೆಮಿ ಗ್ರೆಗೊರಿ ಅಮಿನಾಫ್ ಪ್ರಶಸ್ತಿ ನೀಡಿತು.

ಇಲ್ಲಿ ನಮ್ಮವರ ನಂಟೂ ಒಂದಿದೆ. ಇಂಥ ಪ್ರೊಟೀನ್ ರಚನೆ ಸರಿಯಾಗಿದೆಯೇ ಎಂದು ಪರೀಕ್ಷಿಸಲು ಜಗತ್ತಿನಾದ್ಯಂತ ಬಳಸುವುದು 'ರಾಮಚಂದ್ರನ್ ನಕ್ಷೆ'. ಜಿ.ಎನ್. ರಾಮಚಂದ್ರನ್ ಮತ್ತು ಸಹೋದ್ಯೋಗಿಗಳು 1963ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದಿಂದ ಅದನ್ನು ಪ್ರಕಟಿಸಿದರು. ನಂತರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಅವರು ಅಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ಯೂನಿಟ್ ಕಟ್ಟಿದರು.

ಮೂರು ತಲೆ, ಹತ್ತು ಕಾಲು

ಸೆರ್ಕಾ 994 ಅಮೈನೋ ಆಮ್ಲಗಳ ಒಂದೇ ಉದ್ದನೆಯ ಸರಪಳಿ. ಮಡಿಚಿಕೊಂಡ ಮೇಲೆ ಅದರ ಎತ್ತರ ಸುಮಾರು 150 ಆಂಗ್‌ಸ್ಟ್ರಮ್. ಎರಡು ಭಾಗಗಳಾಗಿ ನೋಡಿದರೆ ಅರ್ಥವಾಗುವುದು ಸುಲಭ.

ಕೆಳಗಿನ ಭಾಗ ಪೊರೆಯಲ್ಲಿ ಹುದುಗಿದೆ. ಇಲ್ಲಿ ಸ್ಪ್ರಿಂಗ್‌ನಂತೆ ಸುರುಳಿ ಸುತ್ತಿಕೊಂಡ 10 ಕಂಬಗಳಿವೆ. ಇವುಗಳಿಗೆ ಎಂ1ರಿಂದ ಎಂ10ರವರೆಗೆ ಹೆಸರು. ಕ್ಯಾಲ್ಸಿಯಂ ಕುಳಿತುಕೊಳ್ಳುವ ಎರಡು ಜಾಗಗಳು ಈ ಕಂಬಗಳ ನಡುವೆ ಇವೆ.

ಮೇಲಿನ ಭಾಗ ಜೀವಕೋಶದ ದ್ರವದೊಳಗೆ ತಲೆ ಎತ್ತಿ ನಿಂತಿದೆ. ಇಲ್ಲಿ ಮೂರು ಉಂಡೆಗಳಿವೆ. ಎನ್ ಉಂಡೆ ಎಟಿಪಿಯನ್ನು ಹಿಡಿದುಕೊಳ್ಳುತ್ತದೆ. ಪಿ ಉಂಡೆ ಎಟಿಪಿಯಿಂದ ಒಂದು ಫಾಸ್ಫೇಟ್ ತುಣುಕನ್ನು ಕಿತ್ತು ತನಗೆ ಅಂಟಿಸಿಕೊಳ್ಳುತ್ತದೆ. ಎ ಉಂಡೆ ತಾನು ತಿರುಗಿ ಕೆಳಗಿನ ಕಂಬಗಳನ್ನು ಎಳೆದಾಡುತ್ತದೆ.

2000ನೇ ಇಸವಿಯ ರಚನೆ ನೋಡಿ ಅನೇಕರಿಗೆ ಅಚ್ಚರಿ ತಂದ ಸಂಗತಿ ದೂರ. ಫಾಸ್ಫೇಟ್ ಅಂಟುವ ಜಾಗಕ್ಕೂ ಕ್ಯಾಲ್ಸಿಯಂ ಕೂರುವ ಜಾಗಕ್ಕೂ ನಡುವೆ ಸುಮಾರು 50 ಆಂಗ್‌ಸ್ಟ್ರಮ್ ಅಂತರವಿದೆ. ಅಣುಗಳ ಲೋಕದಲ್ಲಿ ಇದು ದೊಡ್ಡ ದೂರ. ಶಕ್ತಿ ಖರ್ಚಾಗುವುದು ಒಂದು ಕಡೆ, ಕೆಲಸ ನಡೆಯುವುದು ಇನ್ನೊಂದು ಕಡೆ. ಹಾಗಾದರೆ ಇವೆರಡನ್ನು ಜೋಡಿಸುವುದು ಏನು?

ಊರಿನ ಕೈಪಂಪು ನೆನಪಿದೆಯೇ?

ಉತ್ತರಕ್ಕೆ ಊರಿನ ಬೋರ್‌ವೆಲ್ ಕೈಪಂಪು ನೆನಪಿಸಿಕೊಳ್ಳಿ. ನೀವು ಹಿಡಿ ಒತ್ತುವುದು ಮೇಲೆ, ನೀರು ಇರುವುದು ಎಷ್ಟೋ ಅಡಿ ಕೆಳಗೆ. ನಡುವೆ ಒಂದು ಕಬ್ಬಿಣದ ಸರಳು ನಿಮ್ಮ ಕೈಯ ಬಲವನ್ನು ಕೆಳಗೆ ಮುಟ್ಟಿಸುತ್ತದೆ. ಕ್ಯಾಲ್ಸಿಯಂ ಪಂಪ್‌ನಲ್ಲೂ ಅಂಥ ಸರಳುಗಳಿವೆ. ಎಂ5 ಎಂಬ ಕಂಬ ಸುಮಾರು 60 ಆಂಗ್‌ಸ್ಟ್ರಮ್ ಉದ್ದವಿದ್ದು, ಮೇಲಿನ ಪಿ ಉಂಡೆಯಿಂದ ಪೊರೆಯ ಆಚೆ ತುದಿಯವರೆಗೆ ಬೆನ್ನುಮೂಳೆಯಂತೆ ಇಳಿದಿದೆ. ಎ ಉಂಡೆ ಎಂ1, ಎಂ2, ಎಂ3 ಕಂಬಗಳಿಗೆ ಸಣ್ಣ ಹಗ್ಗಗಳಂಥ ಎಳೆಗಳಿಂದ ಕಟ್ಟಿಕೊಂಡಿದೆ.

ಕೈಪಂಪಿನಲ್ಲಿ ಇನ್ನೊಂದು ಗುಟ್ಟಿದೆ. ಅದರೊಳಗೆ ಎರಡು ವಾಲ್ವ್‌ಗಳಿರುತ್ತವೆ. ಒಂದು ತೆರೆದಾಗ ಇನ್ನೊಂದು ಮುಚ್ಚಿರಬೇಕು. ಎರಡೂ ಒಟ್ಟಿಗೆ ತೆರೆದುಕೊಂಡರೆ ಎತ್ತಿದ ನೀರೆಲ್ಲ ವಾಪಸ್ ಬಾವಿಗೆ. ವಾಲ್ವ್‌ನ ವಾಷರ್ ಸವೆದ ಪಂಪನ್ನು ಎಷ್ಟು ಒತ್ತಿದರೂ ನೀರು ಬಾರದಿರುವುದು ಇದರಿಂದಲೇ.

ಕ್ಯಾಲ್ಸಿಯಂ ಪಂಪ್‌ನಲ್ಲೂ ಎರಡು ಬಾಗಿಲುಗಳಿವೆ. ಒಂದು ಜೀವಕೋಶದ ದ್ರವದ ಕಡೆಗೆ, ಮತ್ತೊಂದು ಟ್ಯಾಂಕ್‌ನ ಕಡೆಗೆ. ಎರಡೂ ಏಕಕಾಲಕ್ಕೆ ತೆರೆದರೆ ಪಂಪ್ ತೂತಾಗಿಬಿಡುತ್ತದೆ. 10,000 ಪಟ್ಟು ಅಂತರ ಕ್ಷಣದಲ್ಲಿ ಮಾಯವಾಗುತ್ತದೆ. ಹೀಗಾಗದಂತೆ ನೋಡಿಕೊಳ್ಳುವುದೇ ಇದರ ಇಡೀ ರಚನೆಯ ಉದ್ದೇಶ.

ನಾಲ್ಕು ಹೆಜ್ಜೆಯ ಚಕ್ರ

ಹೆಜ್ಜೆ 1: ದ್ರವದ ಕಡೆಯ ಬಾಗಿಲು ತೆರೆದಿದೆ. ಎರಡು ಕ್ಯಾಲ್ಸಿಯಂ ಅಯಾನುಗಳು ಒಂದರ ಹಿಂದೆ ಒಂದು ಬಂದು ಕೂರುತ್ತವೆ. ಈ ಹಂತದಲ್ಲಿ ಆ ಜಾಗಗಳಿಗೆ ಕ್ಯಾಲ್ಸಿಯಂ ಮೇಲೆ ಹಿಡಿತ ಬಿಗಿ. ಹಾಗಾಗಿ ದ್ರವದಲ್ಲಿ ಕ್ಯಾಲ್ಸಿಯಂ ತೀರಾ ಕಡಿಮೆ ಇದ್ದರೂ ಹಿಡಿಯಬಲ್ಲವು.

ಹೆಜ್ಜೆ 2: ಎರಡೂ ಸೀಟು ತುಂಬಿದ ಮೇಲೆ ಎಟಿಪಿ ಹಿಡಿದ ಎನ್ ಉಂಡೆ ಬಾಗಿ ಪಿ ಉಂಡೆಯನ್ನು ಮುಟ್ಟುತ್ತದೆ. ಸರಪಳಿಯ 351ನೇ ಸ್ಥಾನದಲ್ಲಿರುವ ಆಸ್ಪಾರ್ಟೇಟ್ ಎಂಬ ಅಮೈನೋ ಆಮ್ಲಕ್ಕೆ ಫಾಸ್ಫೇಟ್ ಅಂಟುತ್ತದೆ. ಇದೇ ಹೊತ್ತಿಗೆ ಎ ಉಂಡೆ ವಾಲಿ ಎಂ1 ಕಂಬವನ್ನು ಎಳೆಯುತ್ತದೆ, ದ್ರವದ ಕಡೆಯ ಬಾಗಿಲು ಮುಚ್ಚುತ್ತದೆ. ಈಗ ಎರಡೂ ಬಾಗಿಲು ಮುಚ್ಚಿವೆ. ಕ್ಯಾಲ್ಸಿಯಂ ನಡುವೆ ಬಂದಿ.

ಹೆಜ್ಜೆ 3: ಉಳಿದ ಎಡಿಪಿ ಹೊರಟುಹೋಗುತ್ತದೆ. ಎ ಉಂಡೆ ಸುಮಾರು 90 ಡಿಗ್ರಿ ತಿರುಗಿ ಪಿ ಉಂಡೆಯ ಪಕ್ಕಕ್ಕೆ ಬಂದು ಕೂರುತ್ತದೆ. ಈ ತಿರುವು ಕೆಳಗಿನ ಕಂಬಗಳನ್ನು ಸರಿಸುತ್ತದೆ. ಟ್ಯಾಂಕ್ ಕಡೆಯ ಬಾಗಿಲು ತೆರೆಯುತ್ತದೆ. ಅಷ್ಟೇ ಅಲ್ಲ, ಕ್ಯಾಲ್ಸಿಯಂ ಕುಳಿತಿದ್ದ ಸೀಟುಗಳ ಆಕಾರವೂ ಕೆಡುತ್ತದೆ, ಹಿಡಿತ ಸಡಿಲವಾಗುತ್ತದೆ. ಹಾಗಾಗಿ ಟ್ಯಾಂಕ್‌ನಲ್ಲಿ ಈಗಾಗಲೇ ಸಾಕಷ್ಟು ಕ್ಯಾಲ್ಸಿಯಂ ಇದ್ದರೂ ಇವು ಅಲ್ಲಿಗೆ ಬಿದ್ದುಬಿಡುತ್ತವೆ. ಖಾಲಿಯಾದ ಜಾಗಕ್ಕೆ 2ರಿಂದ 3 ಪ್ರೋಟಾನ್‌ಗಳು ಬರುತ್ತವೆ.

ಹೆಜ್ಜೆ 4: ಎ ಉಂಡೆಯ ಒಂದು ಪುಟ್ಟ ಕುಣಿಕೆ ನೀರಿನ ಅಣುವೊಂದನ್ನು ಫಾಸ್ಫೇಟ್‌ನ ಸರಿಯಾದ ಬದಿಗೆ ತಂದು ನಿಲ್ಲಿಸುತ್ತದೆ. ಫಾಸ್ಫೇಟ್ ಕಳಚಿಕೊಳ್ಳುತ್ತದೆ, ಟ್ಯಾಂಕ್ ಕಡೆಯ ಬಾಗಿಲು ಮುಚ್ಚುತ್ತದೆ, ಪಂಪ್ ಮೊದಲ ಸ್ಥಿತಿಗೆ ಮರಳುತ್ತದೆ.

ಲೆಕ್ಕ ಸರಳ: ಒಂದು ಎಟಿಪಿಗೆ ಎರಡು ಕ್ಯಾಲ್ಸಿಯಂ. ಎರಡೂ ಸೀಟು ತುಂಬದೆ ಎಟಿಪಿಯಿಂದ ಫಾಸ್ಫೇಟ್ ಪಡೆಯುವ ಕ್ರಿಯೆ ನಡೆಯುವುದಿಲ್ಲ ಎಂಬುದನ್ನು ಗಮನಿಸಿ. ಬಾವಿಯಲ್ಲಿ ನೀರಿಲ್ಲದಿದ್ದರೂ ಕರೆಂಟ್ ಸುಡುತ್ತಾ ಓಡುವ ಮೋಟರ್‌ನಂತೆ ಇದು ಓಡುವುದಿಲ್ಲ.

ಕ್ಯಾಲ್ಸಿಯಂ ಅನ್ನೇ ಗುರುತಿಸುವುದು ಹೇಗೆ?

ಜೀವಕೋಶದ ದ್ರವದಲ್ಲಿ ಮೆಗ್ನೀಸಿಯಂ ಕೂಡ ಇದೆ, ಅದೂ ಕ್ಯಾಲ್ಸಿಯಂಗಿಂತ ಸಾವಿರಾರು ಪಟ್ಟು ಹೆಚ್ಚು. ಎರಡಕ್ಕೂ ವಿದ್ಯುದಾವೇಶ ಒಂದೇ. ಆದರೂ ಪಂಪ್ ಕ್ಯಾಲ್ಸಿಯಂ ಅನ್ನೇ ಹೊತ್ತೊಯ್ಯುತ್ತದೆ.

ಗುಟ್ಟು ಇರುವುದು ಸೀಟಿನ ಅಳತೆಯಲ್ಲಿ. ಸಾಮಾನ್ಯವಾಗಿ ಸುರುಳಿ ಕಂಬಗಳು ಮೇಲಿಂದ ಕೆಳಗಿನವರೆಗೆ ನೇರವಾಗಿ ಸುತ್ತಿಕೊಂಡಿರುತ್ತವೆ. ಇಲ್ಲಿ ಎಂ4 ಮತ್ತು ಎಂ6 ಕಂಬಗಳ ಸುರುಳಿ ನಡುವೆ ಬಿಚ್ಚಿಕೊಂಡಿದೆ. ಹೀಗೆ ಬಿಚ್ಚಿಕೊಂಡ ಕಡೆ ಆಮ್ಲಜನಕದ ಪರಮಾಣುಗಳು ಒಳಮುಖವಾಗಿ ಚಾಚಿಕೊಳ್ಳುತ್ತವೆ. ಪ್ರತಿ ಕ್ಯಾಲ್ಸಿಯಂ ಅಯಾನಿನ ಸುತ್ತ ಇಂಥ 7 ಆಮ್ಲಜನಕಗಳು ನಿಲ್ಲುತ್ತವೆ. ಮೆಗ್ನೀಸಿಯಂ ಅಯಾನು ಚಿಕ್ಕದು. ಅದಕ್ಕೆ ಸುತ್ತ 6 ಆಮ್ಲಜನಕಗಳ ಕಟ್ಟು ಇಷ್ಟ, ಜೊತೆಗೆ ತನ್ನ ಸುತ್ತಲಿನ ನೀರನ್ನು ಅದು ಸುಲಭಕ್ಕೆ ಬಿಡುವುದಿಲ್ಲ. ಹಾಗಾಗಿ ಈ ಸೀಟು ಅದಕ್ಕೆ ಸರಿಹೊಂದುವುದಿಲ್ಲ.

ಹೃದಯದಲ್ಲೊಂದು ಬ್ರೇಕ್

ಕೈಕಾಲಿನ ಸ್ನಾಯುಗಳಲ್ಲಿರುವುದು ಮುಖ್ಯವಾಗಿ ಸೆರ್ಕಾ1. ಹೃದಯದಲ್ಲಿರುವುದು ಅದರ ತಮ್ಮ, ಸೆರ್ಕಾ2ಎ. ಮನುಷ್ಯನ ಹೃದಯ ಸಡಿಲಗೊಳ್ಳುವಾಗ ತೆರವಾಗುವ ಕ್ಯಾಲ್ಸಿಯಂನಲ್ಲಿ ಸುಮಾರು ಶೇ 70ರಷ್ಟನ್ನು ಎತ್ತುವುದು ಇದೇ.

ಇದಕ್ಕೆ ಒಂದು ಬ್ರೇಕ್ ಇದೆ. ಕೇವಲ 52 ಅಮೈನೋ ಆಮ್ಲಗಳ ಫಾಸ್ಫೋಲ್ಯಾಂಬನ್ ಎಂಬ ಪುಟ್ಟ ಪ್ರೊಟೀನ್ ಪಂಪ್‌ನ ಕಂಬಗಳ ನಡುವಿನ ಸಂದಿಯಲ್ಲಿ ಬೆಣೆಯಂತೆ ಸಿಕ್ಕಿಕೊಳ್ಳುತ್ತದೆ. 2013ರಲ್ಲಿ ಪ್ರಕಟವಾದ ರಚನೆಗಳು ಇದನ್ನು ತೋರಿಸಿದವು. ಬೆಣೆ ಇದ್ದಾಗ ಪಂಪ್ ಕ್ಯಾಲ್ಸಿಯಂ ಹಿಡಿಯುವ ಸ್ಥಿತಿಗೆ ಬರಲು ತಡವಾಗುತ್ತದೆ.

ಈಗ ನೀವು ಹೊರಡುತ್ತಿರುವ ರೈಲಿನ ಹಿಂದೆ ಓಡಿದಿರಿ ಎಂದುಕೊಳ್ಳಿ. ಅಡ್ರಿನಲಿನ್ ಏರುತ್ತದೆ. ಅದರ ಸೂಚನೆಯಂತೆ ಫಾಸ್ಫೋಲ್ಯಾಂಬನ್‌ಗೆ ಒಂದು ಫಾಸ್ಫೇಟ್ ಅಂಟುತ್ತದೆ, ಬೆಣೆ ಸಡಿಲವಾಗುತ್ತದೆ, ಪಂಪ್ ವೇಗ ಪಡೆಯುತ್ತದೆ. ಇದು ಅಗತ್ಯ ಕೂಡ. ನಿಮಿಷಕ್ಕೆ 60 ಬಡಿತ ಇರುವಾಗ ಒಂದು ಬಡಿತಕ್ಕೆ 1 ಸೆಕೆಂಡ್ ಸಮಯವಿದೆ. 150 ಆದಾಗ ಇರುವುದು 0.4 ಸೆಕೆಂಡ್ ಮಾತ್ರ. ಅಷ್ಟರಲ್ಲೇ ಹೃದಯ ಬಿಗಿದು, ಸಡಿಲಗೊಂಡು, ರಕ್ತ ತುಂಬಿಕೊಳ್ಳಬೇಕು.

ಹೃದಯ ವೈಫಲ್ಯದ ರೋಗಿಗಳಲ್ಲಿ ಈ ಪಂಪ್‌ನ ಚಟುವಟಿಕೆ ಕುಗ್ಗಿರುವುದು ಸಾಮಾನ್ಯವಾಗಿ ಕಂಡುಬರುತ್ತದೆ. ಆಗ ಎರಡು ನಷ್ಟ. ಹೃದಯ ಸಡಿಲಗೊಳ್ಳುವುದು ತಡವಾಗುತ್ತದೆ. ಟ್ಯಾಂಕ್ ಪೂರ್ತಿ ತುಂಬದ ಕಾರಣ ಮುಂದಿನ ಬಡಿತಕ್ಕೆ ಬಿಡುಗಡೆಯಾಗುವ ಕ್ಯಾಲ್ಸಿಯಂ ಕಡಿಮೆಯಾಗಿ, ಬಡಿತದ ಬಲವೂ ಕುಗ್ಗುತ್ತದೆ.

ಹೊರ ಗೋಡೆಯ ಪಂಪ್‌ಗೆ ಬಾಲವೇ ಬೀಗ

ಜೀವಕೋಶದ ಹೊರ ಪೊರೆಯಲ್ಲೂ ಕ್ಯಾಲ್ಸಿಯಂ ಪಂಪ್ ಇದೆ. ಹೆಸರು ಪಿಎಂಸಿಎ. ಸ್ವಿಟ್ಜರ್ಲೆಂಡ್‌ನ ಹಾನ್ಸ್ ಶಾಟ್ಜ್‌ಮನ್ 1966ರಲ್ಲಿ ಕೆಂಪು ರಕ್ತಕಣಗಳಲ್ಲಿ ಇದರ ಕೆಲಸವನ್ನು ಮೊದಲು ತೋರಿಸಿದರು. ಇದು ಒಂದು ಎಟಿಪಿಗೆ ಸಾಗಿಸುವುದು ಒಂದೇ ಕ್ಯಾಲ್ಸಿಯಂ. ಕಾರಣ ಮತ್ತೆ ರಚನೆಯೇ. ಸೆರ್ಕಾದಲ್ಲಿ ಎರಡನೇ ಸೀಟಿಗೆ ಬೇಕಾದ ಋಣಾವೇಶದ ಅಮೈನೋ ಆಮ್ಲ ಇದರಲ್ಲಿ ಇಲ್ಲ.

ಇದಕ್ಕೆ ಸೆರ್ಕಾದಲ್ಲಿಲ್ಲದ ಒಂದು ಉದ್ದನೆಯ ಬಾಲವೂ ಇದೆ. ಸುಮ್ಮನಿರುವಾಗ ಆ ಬಾಲ ಮಡಿಚಿಕೊಂಡು ಪಂಪ್‌ನ ತಲೆಯನ್ನೇ ಅಮುಕಿ ಹಿಡಿದಿರುತ್ತದೆ. ಜೀವಕೋಶದಲ್ಲಿ ಕ್ಯಾಲ್ಸಿಯಂ ಏರಿದಾಗ ಅದನ್ನು ಹಿಡಿದ ಕ್ಯಾಲ್‌ಮಾಡ್ಯುಲಿನ್ ಎಂಬ ಪ್ರೊಟೀನ್ ಬಂದು ಬಾಲವನ್ನು ಸುತ್ತಿ ಎತ್ತುತ್ತದೆ. ಪಂಪ್ ಶುರುವಾಗುತ್ತದೆ. ನೀರಿನ ಮಟ್ಟ ಏರಿದಾಗ ತಾನಾಗಿ ಆನ್ ಆಗುವ ಫ್ಲೋಟ್ ಸ್ವಿಚ್ ಇದ್ದ ಹಾಗೆ.

ಒಂದು ಅಕ್ಷರ ತಪ್ಪಿದರೆ

ಇಷ್ಟು ನಿಖರವಾದ ಯಂತ್ರದಲ್ಲಿ ಒಂದೇ ಅಮೈನೋ ಆಮ್ಲ ಬದಲಾದರೂ ಪರಿಣಾಮ ದೊಡ್ಡದು.

ಬ್ರಾಡಿ ಕಾಯಿಲೆ: ಸೆರ್ಕಾ1 ಜೀನ್‌ನ ದೋಷದಿಂದ ಬರುವ ಅಪರೂಪದ ಕಾಯಿಲೆ. ಜೋರಾಗಿ ನಡೆದ ಅಥವಾ ಓಡಿದ ಬಳಿಕ ಸ್ನಾಯುಗಳು ಸಡಿಲಗೊಳ್ಳುವುದಿಲ್ಲ. ಬಿಗಿದ ಮುಷ್ಟಿ ಬಿಡಿಸಲು ಕಷ್ಟ. ಚಳಿಯಲ್ಲಿ ತೊಂದರೆ ಹೆಚ್ಚು. ಜೀನ್ ದೋಷ ಪತ್ತೆಯಾಗಿದ್ದು 1996ರಲ್ಲಿ.

ಡೇರಿಯರ್ ಕಾಯಿಲೆ: ಸೆರ್ಕಾ2 ಜೀನ್‌ನ ದೋಷದಿಂದ ಬರುವ ಚರ್ಮದ ಕಾಯಿಲೆ. ಚರ್ಮದ ಜೀವಕೋಶಗಳು ಒಂದಕ್ಕೊಂದು ಸರಿಯಾಗಿ ಅಂಟಿಕೊಳ್ಳುವುದಿಲ್ಲ. ಸಾಮಾನ್ಯವಾಗಿ ಹದಿಹರೆಯದಲ್ಲಿ ಎದೆ, ಕುತ್ತಿಗೆ, ಹಣೆಯ ಮೇಲೆ ಒರಟಾದ ಜಿಡ್ಡುಗುಳ್ಳೆಗಳು ಕಾಣಿಸಿಕೊಳ್ಳುತ್ತವೆ. ಬಿಸಿಲು, ಬೆವರಿಗೆ ಹೆಚ್ಚಾಗುತ್ತದೆ.

ಹೇಲಿ-ಹೇಲಿ ಕಾಯಿಲೆ: ಜೀವಕೋಶದ ಗಾಲ್ಜಿ ಭಾಗದಲ್ಲಿರುವ ಮತ್ತೊಂದು ಕ್ಯಾಲ್ಸಿಯಂ ಪಂಪ್ ಕೆಟ್ಟಾಗ ಬರುತ್ತದೆ. ಕಂಕುಳು, ತೊಡೆಸಂದಿಯಂಥ ಕಡೆ ಚರ್ಮ ಗುಳ್ಳೆಯೆದ್ದು ಒಡೆಯುತ್ತದೆ.

ಈ ಎರಡು ಚರ್ಮದ ಕಾಯಿಲೆಗಳ ಬಗ್ಗೆ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಇವು ಅಂಟುರೋಗಗಳಲ್ಲ. ಮುಟ್ಟಿದರೆ, ಒಂದೇ ತಟ್ಟೆಯಲ್ಲಿ ಉಂಡರೆ, ಒಂದೇ ಟವೆಲ್ ಬಳಸಿದರೆ ಹರಡುವುದಿಲ್ಲ. ಸ್ನಾನ ಸರಿಯಾಗಿ ಮಾಡದೆ ಬಂದದ್ದೂ ಅಲ್ಲ. ಚರ್ಮದ ಮೇಲೆ ಏನಾದರೂ ಕಂಡರೆ ಮೂರು ಅಡಿ ಸರಿದು ಕೂರುವ, ಮದುವೆ ಮಾತುಕತೆ ಮುರಿದುಕೊಳ್ಳುವ ನಮ್ಮ ಸಮಾಜದಲ್ಲಿ ಹದಿನಾರರ ಹುಡುಗಿಯೊಬ್ಬಳಿಗೆ ಗುಳ್ಳೆಗಳ ನೋವಿಗಿಂತ ಜನರ ನೋಟವೇ ಹೆಚ್ಚು ಚುಚ್ಚುತ್ತದೆ. ಅವಳ ತಪ್ಪು ಏನೂ ಇಲ್ಲ. ಪಂಪ್‌ನ ಸರಪಳಿಯಲ್ಲಿ ಎಲ್ಲೋ ಒಂದು ಕೊಂಡಿ ಬದಲಾಗಿದೆ, ಅಷ್ಟೇ.

ಔಷಧಕ್ಕೆ ದಾರಿ

ಪಂಪ್‌ನ ರಚನೆ ತಿಳಿದರೆ ಲಾಭವೇನು ಎಂಬುದಕ್ಕೆ ಉತ್ತರ ಎಷ್ಟೋ ಮನೆಗಳ ಔಷಧ ಡಬ್ಬಿಯಲ್ಲೇ ಇದೆ. ಆಸಿಡಿಟಿಗೆ ನುಂಗುವ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಮಾತ್ರೆಗಳು ತಡೆಯುವುದು ಹೊಟ್ಟೆಯ ಆಮ್ಲ ಪಂಪ್ ಅನ್ನು. ಅದು ಕ್ಯಾಲ್ಸಿಯಂ ಪಂಪ್‌ನ ಕುಟುಂಬಕ್ಕೇ ಸೇರಿದ ಪ್ರೊಟೀನ್. ಹೃದಯಕ್ಕೆ ಕೊಡುವ ಹಳೆಯ ಔಷಧ ಡಿಗಾಕ್ಸಿನ್ ತಡೆಯುವುದು ಸೋಡಿಯಂ-ಪೊಟ್ಯಾಸಿಯಂ ಪಂಪ್ ಅನ್ನು. ಅದೂ ಇದೇ ಕುಟುಂಬ.

ಸೆರ್ಕಾವನ್ನು ನಿಲ್ಲಿಸುವ ವಸ್ತು ಸಿಕ್ಕಿದ್ದು ಮೆಡಿಟರೇನಿಯನ್ ತೀರದ ಥಾಪ್ಸಿಯಾ ಎಂಬ ಗಿಡದಲ್ಲಿ. ಥಾಪ್ಸಿಗಾರ್ಗಿನ್ ಎಂಬ ಈ ವಸ್ತು ಪಂಪ್‌ನ ಕಂಬಗಳ ನಡುವೆ ಸಿಕ್ಕಿಕೊಂಡು ಅದನ್ನು ಅಲುಗಾಡದಂತೆ ಮಾಡುತ್ತದೆ. 2002ರಲ್ಲಿ ತೊಯೊಶಿಮಾ ತಂಡ ಕ್ಯಾಲ್ಸಿಯಂ ಇಲ್ಲದ ಸ್ಥಿತಿಯ ಚಿತ್ರ ಪಡೆಯಲು ಬಳಸಿದ್ದು ಇದನ್ನೇ. ಪಂಪ್ ನಿಂತರೆ ಜೀವಕೋಶ ಸಾಯುತ್ತದೆ. ಹಾಗಾಗಿ ಕ್ಯಾನ್ಸರ್ ಜೀವಕೋಶಗಳ ಹತ್ತಿರ ಮಾತ್ರ ಬಿಡುಗಡೆಯಾಗುವಂತೆ ಇದನ್ನು ಮಾರ್ಪಡಿಸಿ ಪರೀಕ್ಷೆಗಳೂ ನಡೆದಿವೆ.

ಎಲ್ಲ ಪ್ರಯತ್ನಗಳೂ ಗೆದ್ದಿಲ್ಲ. ಹೃದಯ ವೈಫಲ್ಯದ ರೋಗಿಗಳಿಗೆ ವೈರಸ್ ಮೂಲಕ ಸೆರ್ಕಾ2ಎ ಜೀನ್ ಕೊಡುವ ಪ್ರಯೋಗ ಆರಂಭದಲ್ಲಿ ಭರವಸೆ ಹುಟ್ಟಿಸಿತ್ತು. ಆದರೆ 250 ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ಪ್ರಯೋಜನ ಕಾಣಲಿಲ್ಲ. ಸಾಕಷ್ಟು ಜೀನ್ ಹೃದಯದ ಸ್ನಾಯುವನ್ನು ತಲುಪಿರಲಿಲ್ಲ ಎಂಬುದು ಸಂಶೋಧಕರು ಕೊಟ್ಟ ವಿವರಣೆಗಳಲ್ಲೊಂದು. ಹೀಗಾಗಿ ಫಾಸ್ಫೋಲ್ಯಾಂಬನ್ ಎಂಬ ಬೆಣೆಯನ್ನು ಸಡಿಲಿಸುವ ಬೇರೆ ದಾರಿಗಳ ಹುಡುಕಾಟವೂ ನಡೆಯುತ್ತಿದೆ. ಅದಕ್ಕೆ ಬೆಣೆ ಎಲ್ಲಿ, ಹೇಗೆ ಕೂರುತ್ತದೆ ಎಂಬ ಚಿತ್ರವೇ ಆಧಾರ.

ನಿಮಗೆ ಬರಬಹುದಾದ ಪ್ರಶ್ನೆಗಳು

ಹಾಲು ಕುಡಿದರೆ, ಕ್ಯಾಲ್ಸಿಯಂ ಮಾತ್ರೆ ನುಂಗಿದರೆ ಪಂಪ್ ಚುರುಕಾಗುತ್ತದೆಯೇ?
ಇಲ್ಲ. ಆಹಾರದ ಕ್ಯಾಲ್ಸಿಯಂ ಮೂಳೆಗೆ, ರಕ್ತದ ಮಟ್ಟಕ್ಕೆ ಬೇಕು. ಪಂಪ್‌ನ ವೇಗ ನಿರ್ಧಾರವಾಗುವುದು ಜೀವಕೋಶದೊಳಗಿನ ಸೂಚನೆಗಳಿಂದ. ವೈದ್ಯರು ಹೇಳದೆ ಮಾತ್ರೆ ಹೆಚ್ಚಿಸಿಕೊಳ್ಳಬೇಡಿ.

ರಾತ್ರಿ ಕಾಲು ಹಿಡಿದುಕೊಳ್ಳುತ್ತದೆ, ಪಂಪ್ ಕೆಟ್ಟಿದೆಯೇ?
ಬಹುತೇಕ ಖಂಡಿತ ಅಲ್ಲ. ಕಾಲು ಹಿಡಿಯುವುದಕ್ಕೆ ಬೇರೆ ಹಲವು ಸಾಮಾನ್ಯ ಕಾರಣಗಳಿವೆ. ಬ್ರಾಡಿ ಕಾಯಿಲೆ ತೀರಾ ಅಪರೂಪ. ಪದೇ ಪದೇ ಹಾಗಾಗುತ್ತಿದ್ದರೆ ವೈದ್ಯರಿಗೆ ತೋರಿಸಿ.

ಪಂಪ್ ಓಡುವಾಗ ಮೈ ಬಿಸಿಯಾಗುತ್ತದೆಯೇ?
ಹೌದು, ಎಟಿಪಿ ಬಳಕೆಯಾದಾಗ ಶಾಖ ಹುಟ್ಟುತ್ತದೆ. ಕತ್ತಿಮೀನಿನ ಕಣ್ಣಿನ ಬಳಿಯ ಒಂದು ಸ್ನಾಯು ಬಿಗಿಯಾಗುವ ಕೆಲಸವನ್ನೇ ಬಿಟ್ಟು, ಈ ಪಂಪ್‌ಗಳನ್ನು ಓಡಿಸಿ ಮಿದುಳು ಮತ್ತು ಕಣ್ಣನ್ನು ಬೆಚ್ಚಗಿಡುವ ಹೀಟರ್ ಆಗಿ ಬದಲಾಗಿದೆ.

ಕೊನೆಯ ಮಾತು

ಇಂದು ರಾತ್ರಿ ಮನೆ ಸೇರಿ, ಬ್ಯಾಗ್ ಇಳಿಸಿ, ಕುರ್ಚಿಗೆ ಒರಗಿ ಕೈಕಾಲು ಸಡಿಲ ಬಿಟ್ಟಾಗ ಒಮ್ಮೆ ನೆನಪಿಸಿಕೊಳ್ಳಿ. ನೀವು ಸುಮ್ಮನೆ ಕೂತಿದ್ದೀರಿ ಎನಿಸುವ ಆ ಹೊತ್ತಿನಲ್ಲೂ ನಿಮ್ಮ ಸ್ನಾಯುಗಳಲ್ಲಿ ಕೋಟ್ಯಂತರ ಪುಟ್ಟ ಪಂಪ್‌ಗಳು, ಒಂದು ಎಟಿಪಿಗೆ ಎರಡರಂತೆ ಕ್ಯಾಲ್ಸಿಯಂ ಎತ್ತುತ್ತಲೇ ಇವೆ. ನಿಮಗೆ ಸಿಗುವ ಆರಾಮ ಅವುಗಳ ದುಡಿಮೆಯಿಂದ ಬಂದದ್ದು.